ಹೊಟ್ಟೆಯಲ್ಲಿರುವ ಮಗುವಿಗೂ ಪಾಲಿದೆಯಾ?

ಪ್ರಶ್ನೆ: ನನ್ನ ಗಂಡ ಎರಡು ತಿಂಗಳ ಹಿಂದೆ ತೀರಿಕೊಂಡರು. ನಾನೀಗ ಐದು ತಿಂಗಳ ಗರ್ಭಿಣಿ. ಇದೇ ಮೊದಲ ಮಗು. ಗಂಡ ದುಡಿದು ಕೊಂಡ ಒಂದು ಮನೆ ಇದೆ, ಪಿತ್ರಾರ್ಜಿತ ಜಮೀನೂ ಇದೆ. ವಿಲ್ ಬರೆದಿಲ್ಲ. ಮಾವ ಇಲ್ಲ, ಅತ್ತೆ ಮತ್ತು ಮೈದುನ ಇದ್ದಾರೆ. ‘ಹುಟ್ಟದ ಮಗುವಿಗೆ ಎಂಥ ಪಾಲು? ಈ ತಿಂಗಳೇ ವಿಭಾಗ ಮುಗಿಸೋಣ, ಸಹಿ ಹಾಕು’ ಎನ್ನುತ್ತಿದ್ದಾರೆ. ಮಗುವಿಗೆ ನಿಜವಾಗಿಯೂ ಹಕ್ಕಿಲ್ಲವೇ?

ಉತ್ತರ: ಮೊದಲು ಒಂದು ಮಾತು. ಸಹಿ ಹಾಕಬೇಡಿ. ನಮ್ಮ ಬಳಿ ಬರುವವರಲ್ಲಿ ಮುಕ್ಕಾಲು ಪಾಲು ಜನ ಸಹಿ ಹಾಕಿ ಬಂದಿರುತ್ತಾರೆ. ನೀವು ಅದಕ್ಕೂ ಮುಂಚೆ ಕೇಳಿದ್ದೀರಿ, ಒಳ್ಳೆಯದೇ ಆಯಿತು.

ನಿಮ್ಮದು ಹಿಂದೂ ಕುಟುಂಬ ಎಂದುಕೊಂಡು ಹೇಳುತ್ತೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಸೆಕ್ಷನ್ ನಿಮ್ಮಂಥವರಿಗೆಂದೇ ಇದೆ. ತಂದೆ ಸಾಯುವಾಗ ಗರ್ಭದಲ್ಲಿದ್ದ ಮಗು ಆಮೇಲೆ ಜೀವಂತ ಹುಟ್ಟಿದರೆ, ತಂದೆ ಸಾಯುವ ಮೊದಲೇ ಹುಟ್ಟಿದ್ದರೆ ಎಷ್ಟು ಹಕ್ಕು ಸಿಗುತ್ತಿತ್ತೋ ಅಷ್ಟೇ ಹಕ್ಕು ಸಿಗುತ್ತದೆ. ಆ ಹಕ್ಕು ಮಗು ಹುಟ್ಟಿದ ದಿನದಿಂದಲ್ಲ, ತಂದೆ ಸತ್ತ ದಿನದಿಂದಲೇ ಶುರು. ಅಂದರೆ ಎರಡು ತಿಂಗಳ ಹಿಂದೆಯೇ ಆ ಮನೆಯಲ್ಲಿ ಮಗುವಿನ ಪಾಲು ಕೂತಿದೆ. ಅದು ಗಟ್ಟಿಯಾಗಲು ಒಂದೇ ಷರತ್ತು, ಮಗು ಜೀವಂತ ಹುಟ್ಟಬೇಕು.

ಗಂಡನ ಸ್ವಂತ ಮನೆಯ ಲೆಕ್ಕ ಸುಲಭ. ಹೆಂಡತಿ, ತಾಯಿ, ಮಕ್ಕಳು, ಇವರೆಲ್ಲ ಒಂದನೇ ವರ್ಗದ ವಾರಸುದಾರರು. ಎಲ್ಲರಿಗೂ ಸಮಪಾಲು. ಆದ್ದರಿಂದ ನಿಮಗೊಂದು, ಅತ್ತೆಗೊಂದು, ಮಗುವಿಗೊಂದು, ಒಟ್ಟು ಮೂರು ಪಾಲು. ಮೈದುನನಿಗೆ ಆ ಮನೆಯಲ್ಲಿ ಏನೂ ಇಲ್ಲ. ಅವಸರ ಮಾಡುತ್ತಿರುವವರು ಅವರೇ ಅಲ್ವಾ?

ಪಿತ್ರಾರ್ಜಿತ ಜಮೀನಿನ ಕಥೆ ಸ್ವಲ್ಪ ಉದ್ದ. ಅಲ್ಲಿ ಯಾರಿಗೆಷ್ಟು ಎಂಬುದನ್ನು ವಂಶವೃಕ್ಷ ಮತ್ತು ಪಹಣಿ ನೋಡದೆ ಹೇಳುವುದು ಸರಿಯಲ್ಲ. ಆದರೆ ಕೂಡುಕುಟುಂಬದ ಆಸ್ತಿಗೆ ಸಂಬಂಧಿಸಿದ ಹಳೆಯ ಹಿಂದೂ ಕಾನೂನಿನ, ಅಂದರೆ ಮಿತಾಕ್ಷರದ, ನಿಯಮ ಇವತ್ತಿಗೂ ನಡೆಯುತ್ತದೆ. ಗರ್ಭದಲ್ಲಿ ಮಗು ಇದೆ ಎಂದು ಗೊತ್ತಿದ್ದರೆ ವಿಭಾಗವನ್ನು ಹೆರಿಗೆಯವರೆಗೆ ಮುಂದೂಡಬೇಕು, ಇಲ್ಲವೇ ಒಂದು ಪಾಲು ತೆಗೆದಿಡಬೇಕು. ಎರಡನ್ನೂ ಮಾಡದೆ ಹಂಚಿಕೊಂಡರೆ, ಹುಟ್ಟಿದ ಮಗು ಆ ವಿಭಾಗವನ್ನೇ ಮತ್ತೆ ತೆರೆಸಬಹುದು. ಮೊದಲು ಇದು ಗಂಡು ಮಗುವಿಗೆ ಮಾತ್ರ ಇತ್ತು. 2005ರ ತಿದ್ದುಪಡಿಯ ನಂತರ ಹೆಣ್ಣು ಮಗುವೂ ಹುಟ್ಟಿನಿಂದಲೇ ಪಾಲುದಾರಳು. ಹಾಗಾಗಿ ‘ಗಂಡಾದರೆ ನೋಡೋಣ’ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಹಾಗಾದರೆ ಸಹಿ ಹಾಕಿದರೆ ಏನಾಗುತ್ತದೆ? ಮಗುವಿನ ಹಕ್ಕನ್ನು ನೀವು ಬಿಟ್ಟುಕೊಡಲು ಬರುವುದಿಲ್ಲ, ಅದು ನಿಮ್ಮದಲ್ಲ. ಆದರೆ ಹಕ್ಕು ಬಿಡುಗಡೆ ಪತ್ರದಲ್ಲಿ ನಿಮ್ಮ ಸ್ವಂತ ಪಾಲು ಹೋಗಿಬಿಡಬಹುದು. ಮಗುವಿನ ಪಾಲಿಗಾಗಿ ವರ್ಷಗಟ್ಟಲೆ ಕೋರ್ಟು ಅಲೆಯುವುದು ಬೇರೆ. ತಹಶೀಲ್ದಾರ್ ಕಚೇರಿಗೆ ಒಂದು ಲಿಖಿತ ತಕರಾರು ಕೊಡಿ. ‘ಗಂಡ ತೀರಿಕೊಂಡಿದ್ದಾರೆ, ನಾನು ಗರ್ಭಿಣಿ, ಮಗುವಿನ ಪಾಲು ಬಿಟ್ಟು ಪೌತಿ ಖಾತೆ ಮಾಡಬಾರದು’ ಎಂದು ಬರೆದು, ವೈದ್ಯರ ಪತ್ರ ಜೊತೆಗಿಡಿ. ಖಾತೆ ಬದಲಾದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ, ನಿಜ. ಆದರೂ ಖಾತೆ ನೋಡಿ ಕೊಂಡುಕೊಳ್ಳುವವರು ಇರುತ್ತಾರೆ.

ಇನ್ನು ‘ಜೀವಂತ ಹುಟ್ಟುವುದು’ ಎಂದರೇನು? ಇದನ್ನು ಕೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ತಿಳಿದಿರಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ, ಪೂರ್ತಿ ಹೊರಬಂದ ಮೇಲೆ ಮಗು ಉಸಿರಾಡಿದರೆ ಅಥವಾ ಜೀವದ ಬೇರೆ ಯಾವುದೇ ಗುರುತು ತೋರಿಸಿದರೆ ಅದು ಜೀವಂತ ಜನನ. ಎಷ್ಟು ತಿಂಗಳಿಗೆ ಹುಟ್ಟಿತು ಎಂಬುದು ಲೆಕ್ಕಕ್ಕಿಲ್ಲ. ಒಂದು ಅಳು ಸಾಕು.

ಆ ಒಂದು ಅಳುವಿಗೆ ಎಷ್ಟು ಬೆಲೆ ಇದೆ ನೋಡಿ. ಹಾಗಾಗದಿರಲಿ, ಆದರೆ ಮಗು ಒಂದು ಗಂಟೆ ಬದುಕಿ ತೀರಿಕೊಂಡಿತು ಎಂದುಕೊಳ್ಳೋಣ. ಆ ಒಂದು ಗಂಟೆ ಅದು ಮನೆಯ ಮೂರನೇ ಒಂದು ಭಾಗದ ಒಡೆಯ. ಸತ್ತ ಮೇಲೆ ಅದರ ಪಾಲು ಅದರ ವಾರಸುದಾರರಿಗೆ ಹೋಗುತ್ತದೆ. ಗಂಡು ಮಗುವಾಗಿದ್ದರೆ ತಾಯಿಯಾದ ನಿಮಗೇ ಪೂರ್ತಿ ಬರುತ್ತದೆ. ಆಗ ನಿಮಗೆ ಮೂರರಲ್ಲಿ ಎರಡು ಪಾಲು. ಹೆಣ್ಣು ಮಗುವಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಅಡ್ಡ ಬರುತ್ತದೆ. ಹೆಣ್ಣಿಗೆ ತಂದೆಯಿಂದ ಬಂದ ಆಸ್ತಿ, ಅವಳಿಗೆ ಮಕ್ಕಳಿಲ್ಲದಿದ್ದರೆ, ತಂದೆಯ ವಾರಸುದಾರರಿಗೆ ವಾಪಸ್. ಅಂದರೆ ನಿಮಗೂ ಅತ್ತೆಗೂ ಸಮವಾಗಿ, ಕೊನೆಗೆ ಇಬ್ಬರಿಗೂ ಅರ್ಧ ಅರ್ಧ. ಒಂದೇ ಹೊಟ್ಟೆ, ಒಂದೇ ಗಂಟೆ, ಲೆಕ್ಕ ಮಾತ್ರ ಬೇರೆ. ಈ ಸೆಕ್ಷನ್ ಬಗ್ಗೆ ನನಗೆ ಮೊದಲಿಂದಲೂ ಅಸಮಾಧಾನ ಇದೆ. ಅದು ಇರಲಿ. ಆಸ್ಪತ್ರೆಯ ಹೆರಿಗೆ ದಾಖಲೆಯ ಪ್ರತಿಯನ್ನು ಮಾತ್ರ ತಪ್ಪದೆ ಇಟ್ಟುಕೊಳ್ಳಿ.

ಮಗು ಹುಟ್ಟಿದ ಮೇಲೆ ಅದರ ಸಹಜ ಪೋಷಕರು ನೀವೇ. ಆದರೆ ಆ ಮನೆಯಲ್ಲಿರುವ ಮಗುವಿನ ಪಾಲನ್ನು ನೀವು ಕೂಡ ಕೋರ್ಟಿನ ಅನುಮತಿ ಇಲ್ಲದೆ ಮಾರಲು ಬರುವುದಿಲ್ಲ. ಗಂಡ ಅಪಘಾತದಲ್ಲಿ ತೀರಿಕೊಂಡಿದ್ದರೆ ಪರಿಹಾರದ ಅರ್ಜಿಯಲ್ಲೂ ಮಗುವನ್ನು ಬಿಡಬೇಡಿ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ಗರ್ಭದ ಮಗುವಿಗೆ ಆಸ್ತಿಯಲ್ಲಿ ಹಕ್ಕಿದೆ ಎಂದರೆ ಅದು ‘ವ್ಯಕ್ತಿ’ ಅಂತ ಆಯಿತಲ್ಲವೇ? ಹಾಗಿದ್ದರೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕೂ ಇರಬೇಕಲ್ಲ?

ಉತ್ತರ: ತರ್ಕ ಚೆನ್ನಾಗಿದೆ, ಕಾನೂನು ಮಾತ್ರ ಆ ದಾರಿಯಲ್ಲಿ ನಡೆದಿಲ್ಲ.

‘ವ್ಯಕ್ತಿ’ ಎಂದರೆ ಮನುಷ್ಯ ಎಂದೇ ಅಲ್ಲ ಎಂಬುದು ನಿಮಗೆ ಗೊತ್ತು. ಕಂಪನಿ ವ್ಯಕ್ತಿ. ದೇವಸ್ಥಾನದ ವಿಗ್ರಹವೂ ಕಾನೂನಿನ ಕಣ್ಣಲ್ಲಿ ವ್ಯಕ್ತಿಯೇ. 2019ರ ಅಯೋಧ್ಯೆ ತೀರ್ಪಿನಲ್ಲಿ ರಾಮಲಲ್ಲಾ ಕಕ್ಷಿದಾರನಾಗಿದ್ದು ಹಾಗೆ. ಉಸಿರಾಡದ ಕಂಪನಿ ವ್ಯಕ್ತಿ, ಎದೆ ಬಡಿಯುವ ಭ್ರೂಣ ವ್ಯಕ್ತಿಯಲ್ಲ ಎಂದರೆ ವಿಚಿತ್ರ ಅನಿಸುತ್ತದೆ. ಆದರೆ ಇದು ಮರ್ಯಾದೆಯ ಪ್ರಶ್ನೆ ಅಲ್ಲ. ಯಾರ ಹೆಸರಲ್ಲಿ ಹಕ್ಕು ಬರೆದುಕೊಂಡರೆ ಕೆಲಸ ನಡೆಯುತ್ತದೆ ಎಂಬ ಲೆಕ್ಕ.

ಗರ್ಭದ ಮಗುವಿನ ವಿಷಯದಲ್ಲಿ ಕಾನೂನು ಬಳಸುವುದು ‘ಹುಟ್ಟಿದ್ದರೆ ಹೇಗೋ ಹಾಗೆ’ ಎಂಬ ಉಪಾಯ. ರೋಮನ್ನರ ಕಾಲದಿಂದ ಬಂದದ್ದು. ಅವರು ಇಟ್ಟ ಮಿತಿ ಎಂದರೆ, ಮಗುವಿಗೆ ಲಾಭವಾಗುವ ಕಡೆ ಮಾತ್ರ ಹೀಗೆ ಭಾವಿಸಬೇಕು. 20ನೇ ಸೆಕ್ಷನ್ ಮಾಡುವುದೂ ಅದನ್ನೇ. ಮಗು ಈಗಲೇ ವ್ಯಕ್ತಿ ಎಂದು ಅದು ಹೇಳುವುದಿಲ್ಲ. ಹುಟ್ಟಲಿ, ಹುಟ್ಟಿದ ಮೇಲೆ ಹಿಂದಕ್ಕೆ ಹೋಗಿ ಲೆಕ್ಕ ಹಾಕೋಣ ಎನ್ನುತ್ತದೆ. ಜೀವಂತ ಹುಟ್ಟದಿದ್ದರೆ ಆ ಹಕ್ಕು ಎಂದೂ ಇರಲೇ ಇಲ್ಲ ಎಂಬಂತೆ ಅಳಿಸಿ ಹೋಗುತ್ತದೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲೂ ಇದೇ ಮಾತು ಇದೆ. ಮುಸ್ಲಿಂ ಕಾನೂನಿನಲ್ಲೂ ಗರ್ಭದ ಮಗು ಜೀವಂತ ಹುಟ್ಟಿದರೆ ವಾರಸುದಾರ.

ಕ್ರಿಮಿನಲ್ ಕಾನೂನಿಗೆ ಬಂದರೆ ಇದು ಇನ್ನೂ ಸ್ಪಷ್ಟ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 100ನೇ ಸೆಕ್ಷನ್ನಿನ ವಿವರಣೆ ಓದಿ. ತಾಯಿಯ ಗರ್ಭದಲ್ಲಿರುವ ಮಗುವಿನ ಸಾವಿಗೆ ಕಾರಣವಾಗುವುದು ನರಹತ್ಯೆ ಅಲ್ಲ. ಆದರೆ ಮಗುವಿನ ದೇಹದ ಯಾವುದಾದರೂ ಭಾಗ ಹೊರಗೆ ಬಂದಿದ್ದರೆ, ಉಸಿರಾಡಿರದಿದ್ದರೂ, ನರಹತ್ಯೆ ಆಗಬಹುದು. ಗಮನಿಸಿದಿರಾ? ನೋಂದಣಿ ಕಾಯ್ದೆಗೆ ಮಗು ಪೂರ್ತಿ ಹೊರಬಂದು ಜೀವದ ಗುರುತು ತೋರಿಸಬೇಕು, ಇಲ್ಲಿ ಒಂದು ಕೈ ಹೊರಬಂದರೂ ಸಾಕು. ಹುಟ್ಟು ಎಂಬ ಗೆರೆಯನ್ನೇ ಕಾನೂನು ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ ಕಡೆ ಎಳೆಯುತ್ತದೆ. 21ನೇ ವಿಧಿಯ ‘ವ್ಯಕ್ತಿ’ ಪದದಲ್ಲಿ ಗರ್ಭದ ಮಗು ಸೇರಿದೆ ಎಂದು ಸಂವಿಧಾನ ಎಲ್ಲೂ ಹೇಳಿಲ್ಲ.

ಹಾಗಂತ ರಕ್ಷಣೆ ಇಲ್ಲ ಎಂದಲ್ಲ. ಮರಣದಂಡನೆ ಪಡೆದ ಮಹಿಳೆ ಗರ್ಭಿಣಿ ಎಂದು ಗೊತ್ತಾದರೆ ಹೈಕೋರ್ಟ್ ಆ ಶಿಕ್ಷೆಯನ್ನು ಜೀವಾವಧಿಗೆ ಇಳಿಸಲೇಬೇಕು. 1994ರ ಕಾಯ್ದೆ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದೆ. ರಕ್ಷಣೆ ಕೊಡಲು ವ್ಯಕ್ತಿ ಎಂದು ಕರೆಯಲೇಬೇಕಿಲ್ಲ.

ಪ್ರಶ್ನೆ: ಜಗಳದಲ್ಲಿ ಪಕ್ಕದ ಮನೆಯವನು ನನ್ನ ತಂಗಿಯ ಹೊಟ್ಟೆಗೆ ಒದ್ದ. ಏಳು ತಿಂಗಳ ಮಗು ಹೊಟ್ಟೆಯಲ್ಲೇ ಹೋಯಿತು. ಪೊಲೀಸರು ‘ಇದು ಕೊಲೆ ಕೇಸ್ ಆಗಲ್ಲ’ ಎನ್ನುತ್ತಾರೆ.

ಉತ್ತರ: ಕೊಲೆ ಕೇಸ್ ಆಗುವುದಿಲ್ಲ ಎನ್ನುವುದು ಸರಿ. ಆದರೆ ಅಷ್ಟಕ್ಕೇ ಸುಮ್ನೆ ಬರಬೇಡಿ. ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸುವುದು ಸಂಹಿತೆಯ 89ನೇ ಸೆಕ್ಷನ್ನಿನ ಅಪರಾಧ. ಶಿಕ್ಷೆ ಜೀವಾವಧಿವರೆಗೂ ಹೋಗಬಹುದು. ನಿಮಗೆ ಜಾಸ್ತಿ ಹೊಂದುವುದು 92ನೇ ಸೆಕ್ಷನ್. ಹೊಟ್ಟೆಯಲ್ಲಿ ಮಿಸುಕಾಡಲು ಶುರುವಾದ ಮಗು ಸತ್ತಿರಬೇಕು. ಅದಕ್ಕೆ ಕಾರಣವಾದ ಏಟು, ತಾಯಿಯೇ ಸತ್ತಿದ್ದರೆ ನರಹತ್ಯೆ ಎನಿಸುವಂಥದ್ದಾಗಿರಬೇಕು. ಶಿಕ್ಷೆ 10 ವರ್ಷದವರೆಗೆ. ತಂಗಿಗೆ ಆದ ಗಾಯಕ್ಕೆ ಬೇರೆ ಸೆಕ್ಷನ್‌ಗಳು ಸೇರುತ್ತವೆ. ದೂರಿನಲ್ಲಿ ಮೂರು ವಿಷಯ ಇರಲೇಬೇಕು: ಎಷ್ಟು ತಿಂಗಳು, ಅವಳು ಗರ್ಭಿಣಿ ಎಂದು ಅವನಿಗೆ ಗೊತ್ತಿತ್ತು ಎಂಬುದು, ಏಟು ಎಲ್ಲಿಗೆ ಬಿತ್ತು ಎಂಬುದು. ಏಟಿಗೆ ಮುಂಚಿನ ಸ್ಕ್ಯಾನಿಂಗ್ ವರದಿ ಇದ್ದರೆ ಅದೇ ದೊಡ್ಡ ಸಾಕ್ಷಿ.

ಪ್ರಶ್ನೆ: ಹೆಂಡತಿ ಗರ್ಭ ತೆಗೆಸಲು ಹೊರಟಿದ್ದಾಳೆ. ನನಗೆ ಇಷ್ಟವಿಲ್ಲ. ಮಗುವಿನ ಪರವಾಗಿ ತಂದೆಯಾಗಿ ನಾನು ತಡೆಯಾಜ್ಞೆ ತರಬಹುದೇ?

ಉತ್ತರ: ನಿಮ್ಮ ಒಪ್ಪಿಗೆ ಕಾನೂನಿಗೆ ಬೇಕಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ ವಯಸ್ಕ ಮಹಿಳೆಯ ಒಪ್ಪಿಗೆ ಒಂದೇ ಸಾಕು. ಮಗುವಿನ ಹೆಸರಲ್ಲಿ ದಾವೆ ಹಾಕೋಣ ಎಂದರೆ, ಹಾಗೆ ದಾವೆ ಹೂಡುವ ವ್ಯಕ್ತಿಯಾಗಿ ಕಾನೂನು ಅದನ್ನು ಇನ್ನೂ ಕಾಣುವುದಿಲ್ಲ.

ಆದರೆ ಅವರಿಗೂ ಮಿತಿ ಇದೆ. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಬೇಕು. 20ರಿಂದ 24 ವಾರದವರೆಗೆ ಕೆಲವು ವರ್ಗದ ಮಹಿಳೆಯರಿಗೆ ಮಾತ್ರ, ಅದೂ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ. ಆಮೇಲೆ ಭ್ರೂಣದಲ್ಲಿ ಗಂಭೀರ ದೋಷ ಇದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಅಥವಾ ತಾಯಿಯ ಜೀವ ಉಳಿಸಬೇಕಾದರೆ ಮಾತ್ರ. 2023ರ ಅಕ್ಟೋಬರ್‌ನಲ್ಲಿ 26 ವಾರ ದಾಟಿದ ಗರ್ಭ ತೆಗೆಸಲು ಎರಡು ಮಕ್ಕಳ ತಾಯಿಯೊಬ್ಬರು ಕೇಳಿದಾಗ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ನಡುವೆ ಭಿನ್ನಾಭಿಪ್ರಾಯ ಬಂತು. ಕೊನೆಗೆ ಮೂವರ ಪೀಠ ಅನುಮತಿ ಕೊಡಲಿಲ್ಲ. ಅಲ್ಲೂ ಮುಖ್ಯವಾಗಿ ನೋಡಿದ್ದು ಈ 24 ವಾರದ ಮಿತಿಯನ್ನು.

ನಿಮ್ಮ ಪತ್ರದಲ್ಲಿ ಹೆಂಡತಿ ಯಾಕೆ ಬೇಡ ಎನ್ನುತ್ತಿದ್ದಾರೆ ಎಂಬ ಒಂದು ಸಾಲೂ ಇಲ್ಲ. ವಕೀಲರನ್ನು ಹುಡುಕುವ ಮೊದಲು ಅದನ್ನು ಕೇಳಿ.

ಪ್ರಶ್ನೆ: ಮಗಳಿಗೆ ಮೂರು ತಿಂಗಳು. ಹುಟ್ಟುವ ಮೊಮ್ಮಗುವಿಗೆ ಒಂದು ಸೈಟನ್ನು ಈಗಲೇ ದಾನಪತ್ರ ಮಾಡಬಹುದೇ?

ಉತ್ತರ: ದಾನವನ್ನು ಪಡೆಯುವವರು ಸ್ವೀಕರಿಸಬೇಕು. ಈಗ ಯಾರು ಸ್ವೀಕರಿಸುತ್ತಾರೆ? ಮೊದಲು ಮಗಳಿಗೆ ಜೀವಮಾನದ ಹಕ್ಕು, ಆಮೇಲೆ ಪೂರ್ತಿ ಮೊಮ್ಮಗುವಿಗೆ ಎಂದು ಬರೆಯುವ ದಾರಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿದೆ. ಒಂದು ಸೈಟಿಗೆ ಅಷ್ಟು ಸುತ್ತು ಬೇಡ. ಅವಸರ ಇದ್ದರೆ ವಿಲ್ ಬರೆದಿಡಿ. ಇಲ್ಲವಾದರೆ ಇನ್ನು ಆರು ತಿಂಗಳು ಕಾಯಿರಿ, ಪತ್ರದಲ್ಲಿ ಮಗುವಿನ ಹೆಸರನ್ನೇ ಬರೆಯಬಹುದು.