ಬ್ರೇಕ್ ಆಯಿಲ್‌ನಲ್ಲಿ ನೀರು ಸೇರಿದರೆ ಪೆಡಲ್ ಮೆತ್ತಗಾಗುತ್ತದಾ?

ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಚಕ್ರದ ಬ್ರೇಕ್ ಒತ್ತುವ ಭಾಗ) ಬದಲಿಸಿದ ಮೇಲೆ ಬೆಳಗ್ಗೆ ಗಾಡಿ ತೆಗೆದಾಗಲೇ ಪೆಡಲ್ ಮೆತ್ತಗಿದೆ, ಎರಡು ಮೂರು ಸಲ ತುಳಿದರೆ ಗಟ್ಟಿಯಾಗುತ್ತದೆ ಅಂದಿದ್ದೀರಿ. ಆಯಿಲ್ ನೀರು ಕುಡಿದು ಕುಗ್ಗುತ್ತಿದೆ ಅಂತ ಗ್ಯಾರೇಜಿನವರು ಹೇಳಿದರಂತೆ. ದ್ರವ ಕುಗ್ಗುವುದೇ ಇಲ್ಲ ಅಂತ ಶಾಲೆಯಲ್ಲಿ ಓದಿದ್ದೇವಲ್ಲ ಅನ್ನೋದು ನಿಮ್ಮ ಪ್ರಶ್ನೆ.

ಕುಗ್ಗುತ್ತದೆ, ಆದರೆ ತೀರಾ ಕಡಿಮೆ. ಬ್ರೇಕ್ ಜೋರಾಗಿ ತುಳಿದಾಗ ಪೈಪಿನೊಳಗೆ 100 ಬಾರ್ ಒತ್ತಡ ಬಂತು ಅಂದುಕೊಳ್ಳಿ. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 100 ಪಟ್ಟು. ಅಷ್ಟಕ್ಕೂ 200 ಮಿಲಿ ಆಯಿಲ್ ಕುಗ್ಗುವುದು ಸುಮಾರು 1 ಮಿಲಿ. ನೀರು ಇದಕ್ಕಿಂತ ಜಾಸ್ತಿ ಕುಗ್ಗುವುದಿಲ್ಲ. ಹಾಗಾಗಿ ಕರಗಿರುವ ನೀರಿನಿಂದ ತಣ್ಣಗಿರುವ ಪೆಡಲ್ ಮೆತ್ತಗಾಗದು.

ನೀರಿನ ಕಾಟ ಕಾವೇರಿದಾಗ. ಡಾಟ್ ಅಂದರೆ ಬ್ರೇಕ್ ಆಯಿಲ್‌ನ ದರ್ಜೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ಶೇ. 3.7ರಷ್ಟು ನೀರು ಹೀರಿಕೊಂಡರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155.

ನಾನಿದನ್ನು ಕಲಿತದ್ದು ಚಾಮುಂಡಿ ಬೆಟ್ಟದಲ್ಲಿ. ಹಳೇ ಕಾರು, ಮನೆಯವರೆಲ್ಲ ಸೇರಿ ಐದು ಜನ. ಗೇರ್ ಇಳಿಸದೆ, ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿಸುತ್ತಿದ್ದೆ. ಮೈಸೂರು ಇನ್ನೇನು ಕಾಲಡಿಯಲ್ಲಿ ಅನ್ನುವಾಗ ಪೆಡಲ್ ನೆಲ ಮುಟ್ಟಿತು. ಹ್ಯಾಂಡ್ ಬ್ರೇಕ್‌ಗೆ ಕೇಬಲ್, ಆಯಿಲ್ ಬೇಕಿಲ್ಲ. ಅದನ್ನೆಳೆದು, ಫಸ್ಟ್ ಗೇರ್‌ಗೆ ತಂದು ಪಕ್ಕಕ್ಕೆ ನಿಲ್ಲಿಸಿದೆ. ಹಿಂದೆ ಕೂತಿದ್ದ ಅಮ್ಮ ಒಂದು ಮಾತೂ ಆಡಲಿಲ್ಲ, ಅದು ಇವತ್ತಿಗೂ ನೆನಪಿದೆ. ಅರ್ಧ ಗಂಟೆಗೆ ಪೆಡಲ್ ತಾನಾಗಿಯೇ ಗಟ್ಟಿಯಾಯಿತು!

ಆಗಿದ್ದು ಇಷ್ಟು. ಪೆಡಲ್ ತುಳಿದಿರುವಾಗ ಒತ್ತಡ ಜಾಸ್ತಿ, ಆಯಿಲ್ ಸುಲಭಕ್ಕೆ ಕುದಿಯುವುದಿಲ್ಲ. ತಿರುವು ದಾಟಿ ಕಾಲು ತೆಗೆದ ಕೂಡಲೇ ಒತ್ತಡ ಇಳಿದು, ಚಕ್ರದ ಹತ್ತಿರ ಕಾದಿದ್ದ ಆಯಿಲ್‌ನೊಳಗಿನ ನೀರು ಆವಿಯಾಗುತ್ತದೆ. ನೀರಿನ ಒಂದು ಹನಿ ಆವಿಯಾದರೆ ಸಾವಿರ ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಮುಂದಿನ ಸಲ ತುಳಿದಾಗ ನಿಮ್ಮ ಕಾಲು ಆ ಆವಿಯನ್ನು ಅದುಮುತ್ತಿರುತ್ತದೆ ಅಷ್ಟೇ, ಬ್ರೇಕನ್ನಲ್ಲ. ತಣ್ಣಗಾದರೆ ಆವಿ ಮತ್ತೆ ನೀರು. ಅದಕ್ಕೇ ಮಾರನೇ ದಿನ ಮೆಕ್ಯಾನಿಕ್‌ಗೆ ಪೆಡಲ್‌ನಲ್ಲಿ ಏನೂ ತಪ್ಪು ಕಾಣಲಿಲ್ಲ. ಗಾಡಿಯಲ್ಲಿ ಬ್ರೇಕ್ ಆಯಿಲ್ ತುಂಬುವ ಡಬ್ಬಿಯ ಮುಚ್ಚಳ ತೆಗೆದರೆ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಐದು ವರ್ಷದಿಂದ ಬದಲಿಸಿರಲಿಲ್ಲ.

ನಿಮ್ಮದು ಹಾಗಲ್ಲ. ತಣ್ಣಗಿದ್ದಾಗಲೇ ಮೆತ್ತಗಿದೆ, ಅದೂ ಪೈಪ್ ಬಿಚ್ಚಿ ಕೆಲಸ ಮಾಡಿದ ಮೇಲೆ. ನನ್ನ ಪ್ರಕಾರ ಒಳಗೆ ಗಾಳಿ ಉಳಿದಿದೆ. 1 ಮಿಲಿ ಗಾಳಿ 10 ಬಾರ್ ಒತ್ತಡಕ್ಕೇ ಹತ್ತರಲ್ಲೊಂದು ಭಾಗಕ್ಕೆ ಕುಗ್ಗಿಬಿಡುತ್ತದೆ. ಸ್ಪಂಜಿನ ಹಾಗೆ ಅನ್ನಿಸುವುದು ಇದರಿಂದಲೇ. ನಾಲ್ಕೂ ಚಕ್ರಗಳಲ್ಲಿ ಏರ್ ತೆಗೆಸಿ, ಸೀಲ್ ಒಡೆಯದ ಡಬ್ಬಿಯಿಂದ ಹೊಸ ಆಯಿಲ್ ತುಂಬಿಸಿ. ಗಾಡಿಯ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಬರೆದಿದೆಯೋ ಅದನ್ನೇ ಹಾಕಿಸಿ. ಡಾಟ್ 5 ಸಿಲಿಕೋನ್ ಆಯಿಲ್, ಡಾಟ್ 3 ಅಥವಾ 4ರ ಜೊತೆ ಬೆರೆಯುವುದಿಲ್ಲ. ಏರ್ ತೆಗೆಸಿದ ಮೇಲೆ ಪೆಡಲ್ ಒತ್ತಿ ಹಿಡಿದು ನೋಡಿ. ನಿಧಾನವಾಗಿ ಕೆಳಗೆ ಹೋದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್ ಮೇಲೆ ಒತ್ತಡ ಹಾಕುವ ಭಾಗ) ಪರೀಕ್ಷೆ ಮಾಡಿಸಬೇಕು. ಇದೆಲ್ಲ ಆಗುವವರೆಗೆ ದಯವಿಟ್ಟು ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ನ್ನೇ ಮನೆಗೆ ಕರೆಸಿ.