ರ‍್ಯಾಮ್ ಹೆಚ್ಚಿಸಿದ ಮೇಲೆ ಕಂಪ್ಯೂಟರ್ ಕೈಕೊಡುತ್ತಿದೆಯೇ?

ಪ್ರಶ್ನೆ: ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್ ಇರುವ ನನ್ನ ಕಂಪ್ಯೂಟರಿನಲ್ಲಿ 8 ಜಿಬಿಯ ಎರಡು ರ‍್ಯಾಮ್ ಇದ್ದವು. ವಿಡಿಯೊ ಎಡಿಟಿಂಗ್‌ಗೆ ಸಾಲದೆಂದು ಅದೇ 3200 ವೇಗದ ಇನ್ನೆರಡು ಹಾಕಿಸಿದೆ. 32 ಜಿಬಿ ಸರಿಯಾಗಿಯೇ ತೋರಿಸುತ್ತದೆ. ಆದರೆ ದಿನಕ್ಕೆ ಒಂದೆರಡು ಸಲ ನೀಲಿ ಪರದೆ. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಮ್ಮೆ ಬೇರೇನೋ. ಬ್ರೌಸರ್ ಟ್ಯಾಬ್‌ಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಅಂಗಡಿಯವರು ವಿಂಡೋಸ್ ಹೊಸದಾಗಿ ಹಾಕಿ ಅನ್ನುತ್ತಾರೆ. ಹಾಕಲೇ?
– ಓದುಗರು, ಹಾಸನ

ಉತ್ತರ: ಸದ್ಯಕ್ಕೆ ಖಂಡಿತ ಬೇಡ. ವಿಂಡೋಸಿನ ಫೈಲುಗಳೂ ರ‍್ಯಾಮಿನ ಮೂಲಕವೇ ಡಿಸ್ಕಿಗೆ ಹೋಗುವುದು. ರ‍್ಯಾಮ್ ತಪ್ಪು ಮಾಡುತ್ತಿರುವಾಗ ಹೊಸದಾಗಿ ಹಾಕಿದ ವಿಂಡೋಸ್ ಹುಟ್ಟುತ್ತಲೇ ಕೆಟ್ಟಿರಬಹುದು. ಪ್ರತಿ ಸಲ ಬೇರೆ ಬೇರೆ ದೋಷದ ಹೆಸರು ಬರುವುದು ಮೆಮೊರಿ ತೊಂದರೆಯ ದೊಡ್ಡ ಸುಳಿವು. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ.

‘ಅದೇ 3200’ ಅನ್ನುವಲ್ಲೇ ತೊಡಕಿರುವ ಸಾಧ್ಯತೆ ಹೆಚ್ಚು. ಹೀಟ್‌ಸಿಂಕ್ ಇರುವ ಗೇಮಿಂಗ್ ರ‍್ಯಾಮ್ 1.35 ವೋಲ್ಟ್‌ನಲ್ಲಿ 16-18-18-38 ಟೈಮಿಂಗ್‌ಗೆ (ಡೇಟಾ ಕೊಡುವ ಮುನ್ನ ಕಾಯುವ ಎಣಿಕೆಗಳು, ಕಡಿಮೆಯಿದ್ದಷ್ಟೂ ಚುರುಕು) ಸಾಮಾನ್ಯವಾಗಿ ಓಡುವಂತೆ ಮಾಡಿರುತ್ತಾರೆ. ಹೀಟ್‌ಸಿಂಕ್ ಇಲ್ಲದ ಸಾದಾ 3200 ರ‍್ಯಾಮ್ 1.2 ವೋಲ್ಟ್‌ನಲ್ಲಿ 22-22-22ರದ್ದು. ಮೊದಲನೆಯದು ಕೇಳಿದ ಡೇಟಾ ಕೊಡಲು 10 ನ್ಯಾನೊಸೆಕೆಂಡ್ ತೆಗೆದುಕೊಂಡರೆ ಎರಡನೆಯದಕ್ಕೆ 13.75 ಬೇಕು. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಕಂಪನಿ ಹೇಳಿದ ಹೆಚ್ಚಿನ ವೇಗಕ್ಕೆ ಓಡಿಸುವ ಸೆಟ್ಟಿಂಗ್, ಆನ್ ಇದ್ದರೆ ಬೋರ್ಡು ಒಂದು ಸ್ಟಿಕ್‌ನ (ರ‍್ಯಾಮ್ ಪಟ್ಟಿಯ) ಪ್ರೊಫೈಲ್ ಓದಿ ನಾಲ್ಕಕ್ಕೂ ಅದನ್ನೇ ಹೇರುತ್ತದೆ. ನಿಧಾನದ ಸ್ಟಿಕ್ ಬಹುಪಾಲು ಸಲ ಹೇಗೋ ಸರಿದೂಗಿಸುತ್ತದೆ, ಯಾವಾಗಲೋ ಒಮ್ಮೆ ತಪ್ಪುತ್ತದೆ. ಸಿಪಿಯು-ಝಡ್ ತಂತ್ರಾಂಶದ ಎಸ್‌ಪಿಡಿ ಪುಟದಲ್ಲಿ ಒಂದೊಂದೇ ಸ್ಲಾಟ್ ಆರಿಸಿ ನಾಲ್ಕರ ಟೈಮಿಂಗ್ ಹೋಲಿಸಿ. ಅಲ್ಲಿ ವೇಗ 1600 ಎಂದು ಕಂಡರೆ ಗಾಬರಿ ಬೇಡ, 3200ರ ಅರ್ಧವನ್ನೇ ಅದು ತೋರಿಸುವುದು.

ಇನ್ನೊಂದು ಮಿತಿ ಪ್ರೊಸೆಸರಿನದೇ. ರ‍್ಯಾಮನ್ನು ನಿಭಾಯಿಸುವ ಮೆಮೊರಿ ಕಂಟ್ರೋಲರ್ ಇರುವುದು ಅದರೊಳಗೆ. ನಿಮ್ಮ 3600ಕ್ಕೆ ಎಎಂಡಿ 3200 ವೇಗ ಹೇಳಿರುವುದು ಎರಡು ಸ್ಟಿಕ್‌ಗೆ ಮಾತ್ರ. ನಾಲ್ಕು ಹಾಕಿದರೆ ಸಿಂಗಲ್ ರ‍್ಯಾಂಕ್‌ನವಕ್ಕೆ (ಚಿಪ್‌ಗಳ ಒಂದೇ ಗುಂಪು ಇರುವವು) 2933, ಡ್ಯುಯಲ್ ರ‍್ಯಾಂಕ್‌ನವಕ್ಕೆ (ಎರಡು ಗುಂಪು ಇರುವವು) 2667. ಅದಕ್ಕಿಂತ ಮೇಲೆ ಓಡಿದರೆ ನಿಮ್ಮ ಅದೃಷ್ಟ. ಅಂಗಡಿಗಳಲ್ಲಿ ಈ ಮಾತನ್ನು ಹೇಳುವವರು ಕಡಿಮೆ, ಹೇಳಲೇಬೇಕಾದ ಮಾತು ಇದು.

ಮೊದಲ ಕೆಲಸ: ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆಫ್ ಮಾಡಿ. ಬೋರ್ಡಿನ ಕಂಪನಿಗೆ ತಕ್ಕಂತೆ ಅದರ ಹೆಸರು ಡಿಒಸಿಪಿ ಅಥವಾ ಎ-ಎಕ್ಸ್‌ಎಂಪಿ ಎಂದೂ ಇರಬಹುದು. ರ‍್ಯಾಮ್ ವೇಗ 2133 ಅಥವಾ 2400ಕ್ಕೆ ಇಳಿಯಬಹುದು, ಇಳಿಯಲಿ. ನಂತರ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ. ಬೂಟ್ ಆಗದಿದ್ದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗುತ್ತದೆ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಬಳಸುವವರು ಅದಕ್ಕೂ ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ. 32 ಜಿಬಿಗೆ ಒಂದು ಪಾಸ್ (ಪರೀಕ್ಷೆಯ ಪೂರ್ತಿ ಒಂದು ಸುತ್ತು) ಮುಗಿಯಲು ಗಂಟೆಗಳೇ ಹಿಡಿಯಬಹುದು, ಆದ್ದರಿಂದ ರಾತ್ರಿ ಹಚ್ಚಿಟ್ಟು ಮಲಗುವುದು ಲೇಸು. ಕೆಂಪು ಸಾಲು ಒಂದೇ ಒಂದು ಬಂದರೂ ಅದು ದೋಷವೇ. ‘ಒಂದೇ ತಾನೆ’ ಎಂದು ಬಿಡುವಂತಿಲ್ಲ.

ಎಕ್ಸ್‌ಎಂಪಿ ಇಲ್ಲದೆ ಪರೀಕ್ಷೆ ಪಾಸಾದರೆ ಸ್ಟಿಕ್‌ಗಳು ಕೆಟ್ಟಿಲ್ಲ, ಹೊಂದಾಣಿಕೆಯಷ್ಟೇ ಆಗಿಲ್ಲ. ಆಗ ಕೈಯಾರೆ ವೇಗ 2933, ಟೈಮಿಂಗ್ 22-22-22-52, ವೋಲ್ಟೇಜ್ 1.35, ಗೇರ್ ಡೌನ್ ಮೋಡ್ (ರ‍್ಯಾಮ್ ಸ್ಥಿರವಾಗಿ ಓಡಲು ನೆರವಾಗುವ ಸೆಟ್ಟಿಂಗ್) ಆನ್ ಎಂದು ಬಯಾಸ್‌ನಲ್ಲಿ ಕೊಟ್ಟು ಇನ್ನೊಮ್ಮೆ ಪರೀಕ್ಷಿಸಿ. ಆಗಲೂ ತಪ್ಪು ಬಂದರೆ 2667. ಎಸ್‌ಒಸಿ ವೋಲ್ಟೇಜ್ (ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವ ವೋಲ್ಟೇಜ್) 1.1 ದಾಟಿಸಬೇಡಿ. ವಿಡಿಯೊ ಎಡಿಟಿಂಗ್‌ನಲ್ಲಿ 3200ಕ್ಕೂ 2933ಕ್ಕೂ ಇರುವ ಅಂತರ ಕಣ್ಣಿಗೆ ಬೀಳುವಷ್ಟಿಲ್ಲ; 16 ಜಿಬಿ ತುಂಬಿ ಡಿಸ್ಕಿಗೆ ಬರೆಯುವ ಕಷ್ಟ ತಪ್ಪಿದ್ದೇ ದೊಡ್ಡ ಲಾಭ.

ಎಕ್ಸ್‌ಎಂಪಿ ಆಫ್ ಇದ್ದಾಗಲೂ ತಪ್ಪು ಬಂದರೆ ಒಂದೊಂದೇ ಸ್ಟಿಕ್ ಇಟ್ಟು ಪರೀಕ್ಷಿಸಿ, ಪ್ರತಿ ಸಲವೂ ಒಂದೇ ಸ್ಲಾಟಿನಲ್ಲಿ. ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಸ್ಲಾಟ್ ಬಳಸಿ. ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಆಮೇಲೆ ಕೈ ಹಾಕಿ. ತಪ್ಪು ಒಂದು ಸ್ಟಿಕ್‌ನ ಜೊತೆಗೇ ಬಂದರೆ ಅದನ್ನು ವಾರಂಟಿಗೆ ಕೊಡಿ. ಯಾವ ಸ್ಟಿಕ್ ಇಟ್ಟರೂ ಅದೇ ಸ್ಲಾಟಿನಲ್ಲಿ ತಪ್ಪು ಬಂದು, ಬೇರೆ ಸ್ಲಾಟಿನಲ್ಲಿ ಬಾರದಿದ್ದರೆ ಸ್ಲಾಟಿನಲ್ಲಿ ಧೂಳಿದೆಯೇ, ಪ್ರೊಸೆಸರ್ ಸರಿಯಾಗಿ ಕೂತಿದೆಯೇ ನೋಡಿ. ಸ್ಟಿಕ್‌ನ ಚಿನ್ನದ ಅಂಚನ್ನು ರಬ್ಬರಿನಿಂದ ಉಜ್ಜುವುದು ನಮ್ಮಲ್ಲಿ ವಾಡಿಕೆ. ಆ ಲೇಪ ತೀರಾ ತೆಳು, ರಬ್ಬರಿನ ಪುಡಿ ಸ್ಲಾಟಿಗೆ ಇಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನೂಲು ಬಿಡದ ಬಟ್ಟೆಯೇ ಒಳ್ಳೆಯದು.

ಎಲ್ಲ ಸರಿಹೋದ ಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ವಿಂಡೋಸ್ ಫೈಲುಗಳನ್ನು ಪರಿಶೀಲಿಸುವ ಎಸ್‌ಎಫ್‌ಸಿ ಸ್ಕ್ಯಾನ್‌ನೌ (sfc /scannow) ಓಡಿಸಿ. ಅದು ರಿಪೇರಿ ಮಾಡಲಾಗದ ಫೈಲುಗಳಿವೆ ಎಂದರೆ ಆಗ ವಿಂಡೋಸ್ ಹೊಸದಾಗಿ ಹಾಕಬಹುದು. ಒಂದು ಎಚ್ಚರಿಕೆ: ಈ ದಿನಗಳಲ್ಲಿ ತೆಗೆದ ಬ್ಯಾಕಪ್ ನಂಬಬೇಡಿ, ರ‍್ಯಾಮ್ ಬದಲಿಸುವ ಮುಂಚಿನ ಬ್ಯಾಕಪ್ ಮೇಲೆ ಅದನ್ನು ಬರೆಯಲೂ ಬೇಡಿ.

ಪ್ರಶ್ನೆ: ಐದನೇ ತಲೆಮಾರಿನ ಐ3 ಲ್ಯಾಪ್‌ಟಾಪ್‌ಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ 8 ಜಿಬಿ ಡಿಡಿಆರ್3 ತಂದು ಹಾಕಿದೆ. ಸ್ಲಾಟಿಗೆ ಸರಿಯಾಗಿ ಕೂರುತ್ತದೆ, ಪರದೆ ಮಾತ್ರ ಕಪ್ಪು.
– ಓದುಗರು, ತುಮಕೂರು

ಉತ್ತರ: ಸ್ಟಿಕ್ ಮೇಲಿನ ಚೀಟಿ ಓದಿ. ‘ಪಿಸಿ3-12800ಎಸ್’ ಎಂದಿದ್ದರೆ ಅದು 1.5 ವೋಲ್ಟಿನದು. ನಿಮ್ಮ ಪ್ರೊಸೆಸರಿಗೆ ಬೇಕಾದದ್ದು 1.35 ವೋಲ್ಟಿನ ‘ಪಿಸಿ3ಎಲ್-12800ಎಸ್’. ಎರಡಕ್ಕೂ 204 ಪಿನ್, ಕಚ್ಚೂ ಒಂದೇ ಕಡೆ. ಹಾಗಾಗಿ ಕೂತ ಮಾತ್ರಕ್ಕೆ ಹೊಂದುತ್ತದೆ ಎಂದಲ್ಲ. ಎಲ್ ಅಕ್ಷರ ಇರುವುದಕ್ಕೆ ಬದಲಿಸಿಕೊಳ್ಳಿ. ಬದಲಿಸುವಾಗ ಬ್ಯಾಟರಿ ಕನೆಕ್ಟರ್ ಮೊದಲು ಕಳಚಿ.

ಪ್ರಶ್ನೆ: ರೈಜೆನ್ 7600ಕ್ಕೆ ಇನ್ನೆರಡು ಡಿಡಿಆರ್5 ಸೇರಿಸಿ ನಾಲ್ಕಾಗಿಸಿದೆ. ಆನ್ ಮಾಡಿದರೆ ಏನೂ ಬರುತ್ತಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಹತ್ತು-ಹದಿನೈದು ನಿಮಿಷ ಕಾಯಿರಿ, ನಡುವೆ ಪವರ್ ಬಟನ್ ಮುಟ್ಟಬೇಡಿ. ಹೊಸ ರ‍್ಯಾಮ್ ಕಂಡಾಗ ಬೋರ್ಡು ಅದರೊಂದಿಗೆ ಸಿಗ್ನಲ್ ಹೊಂದಿಸಿಕೊಳ್ಳುತ್ತದೆ, ಅಷ್ಟು ಹೊತ್ತೂ ಪರದೆ ಕಪ್ಪಗೇ ಇರುತ್ತದೆ. ಆಗಲೂ ಬಾರದಿದ್ದರೆ ಸಿಮೋಸ್ ಕ್ಲಿಯರ್ ಮಾಡಿ (ಬಯಾಸ್ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡುವುದು), ಎಕ್ಸ್‌ಪೋ (ಎಕ್ಸ್‌ಎಂಪಿಯಂಥದೇ ಎಎಂಡಿಯ ಸೆಟ್ಟಿಂಗ್) ಇಲ್ಲದೆ ಆನ್ ಮಾಡಿ. ಆದರೆ ಈ ಪ್ರೊಸೆಸರಿಗೆ ಎರಡು ಸ್ಟಿಕ್ ಇದ್ದರೆ 5200, ನಾಲ್ಕಿದ್ದರೆ 3600 ಮಾತ್ರ ಅಧಿಕೃತ ವೇಗ. ಹಿಂದಿರುಗಿಸಲು ಅವಕಾಶ ಇನ್ನೂ ಇದ್ದರೆ ಹೊಸ ಎರಡನ್ನು ಕೊಟ್ಟು, 32 ಜಿಬಿಯ ಎರಡು ಸ್ಟಿಕ್ ಇರುವ ಒಂದೇ ಕಿಟ್ ತೆಗೆದುಕೊಳ್ಳಿ.