ಲೆಕ್ಕಿಗರು ಕೆಲಸ ಬಿಟ್ಟು ಹೋದರು, ನನ್ನ ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಇರುವ ಯುಎಸ್‌ಬಿ ಟೋಕನ್ ವಾಪಸ್ ಕೊಡುತ್ತಿಲ್ಲ. ಹೊಸದು ಮಾಡಿಸಿದರೆ ಹಳೆಯದು ತಾನಾಗಿ ರದ್ದಾಗುತ್ತದೆಯೇ? ಹಿಂದೆ ಹಾಕಿದ ಸಹಿಗಳ ಗತಿ ಏನು?

ರದ್ದಾಗುವುದಿಲ್ಲ. ಒಬ್ಬರ ಹೆಸರಿನಲ್ಲೇ ಎರಡು ಡಿಎಸ್‌ಸಿ ಒಟ್ಟಿಗೆ ಚಾಲ್ತಿಯಲ್ಲಿರಬಹುದು. ಹಳೆಯದರ ಅವಧಿ ಮುಗಿಯುವವರೆಗೆ, ಟೋಕನ್ನೂ ಪಿನ್ನೂ ಕೈಯಲ್ಲಿರುವವರು ನಿಮ್ಮ ಹೆಸರಲ್ಲಿ ಸಹಿ ಹಾಕುತ್ತಲೇ ಇರಬಹುದು.

ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ 2000ರ 42ನೇ ಕಲಂ ಈ ವಿಷಯದಲ್ಲಿ ನಿಷ್ಠುರ. ಖಾಸಗಿ ಕೀಲಿ (ಸಹಿ ಹಾಕಲು ಟೋಕನ್‌ನಲ್ಲಿರುವ ಗುಟ್ಟಿನ ಸಂಕೇತ) ಕೈತಪ್ಪಿದೆ ಎಂದು ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸುವ ತನಕ ಹೊಣೆ ನಿಮ್ಮದೇ. ಲೆಕ್ಕಿಗರ ಬೆನ್ನು ಬೀಳುವುದು ಆಮೇಲಿರಲಿ, ಹಳೆಯ ಡಿಎಸ್‌ಸಿ ರದ್ದು ಮಾಡಿ ಎಂದು ಇವತ್ತೇ ಸಂಸ್ಥೆಗೆ ಇಮೇಲ್ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಇಮೇಲಿನ ದಿನಾಂಕ, ಗಂಟೆ ಮುಂದೆ ಸಾಕ್ಷಿಯಾಗುತ್ತವೆ.

ಸಂಸ್ಥೆಯವರು ಪ್ರಮಾಣಪತ್ರದ ಸೀರಿಯಲ್ ನಂಬರ್ ಕೇಳುತ್ತಾರೆ. ಟೋಕನ್ ಇಲ್ಲದಿದ್ದರೂ ಅದು ಸಿಗುತ್ತದೆ: ಹಿಂದೆ ಸಹಿ ಮಾಡಿದ ಯಾವುದಾದರೂ ಪಿಡಿಎಫ್ ಅನ್ನು ಅಡೋಬಿ ರೀಡರ್‌ನಲ್ಲಿ ತೆರೆದು, ಸಹಿಯ ಪ್ರಾಪರ್ಟೀಸ್‌ಗೆ ಹೋಗಿ ಸರ್ಟಿಫಿಕೇಟ್ ವಿವರ ನೋಡಿ. ಕೊಟ್ಟ ಸಂಸ್ಥೆಯ ಹೆಸರೂ ಅಲ್ಲೇ ಇರುತ್ತದೆ. ರದ್ದತಿ ಅರ್ಜಿಯ ಜೊತೆ ಗುರುತಿನ ದಾಖಲೆ ಬೇಕು. ಕಂಪನಿಯ ಡಿಎಸ್‌ಸಿ ಆದರೆ ಅಧಿಕಾರ ಪತ್ರವೂ ಬೇಕಾಗಬಹುದು. ಜನ ಎಡವುವುದು ಇಲ್ಲಿ: ಡಿಎಸ್‌ಸಿ ಮಾಡಿಸುವಾಗ ಲೆಕ್ಕಿಗರದ್ದೋ ಏಜೆಂಟರದ್ದೋ ಮೊಬೈಲ್ ನಂಬರ್ ಕೊಟ್ಟಿದ್ದರೆ ಒಟಿಪಿ ಅವರಿಗೇ ಹೋಗುತ್ತದೆ. ಹಾಗಿದ್ದರೆ ಇಮೇಲಿನಲ್ಲೇ ಅದನ್ನು ಬರೆದು, ಬೇರೆ ರೀತಿ ಗುರುತು ಪರಿಶೀಲಿಸಲು ಕೇಳಿ.

ಅರ್ಜಿಯಲ್ಲಿ ಕಾರಣದ ಜಾಗದಲ್ಲಿ 'ಕೀ ಕಾಂಪ್ರಮೈಸ್' (ಕೀಲಿ ಕೈತಪ್ಪಿದೆ) ಎಂದೇ ಹಾಕಿ. 'ಸೂಪರ್‌ಸೀಡೆಡ್' ಎಂದರೆ ಹೊಸದು ಬಂದಿದೆ ಎಂದಷ್ಟೇ ಅರ್ಥ, ಕೀಲಿ ಬೇರೆಯವರ ಕೈಯಲ್ಲಿದೆ ಎಂದಲ್ಲ. ಟೋಕನ್ ಕಳೆದುಹೋಗಿದೆ ಎಂದು ಪೊಲೀಸರಿಗೆ ದೂರು ಕೊಡಲು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಅದು ಸುಳ್ಳು ದೂರಾಗುತ್ತದೆ. ಲೆಕ್ಕಿಗರು ಆ ಸಹಿಯನ್ನು ವಂಚನೆಗೆ ಬಳಸಿದ್ದರೆ ಅದೇ ಕಾಯ್ದೆಯ 66ಸಿ ಕಲಂ ಅನ್ವಯಿಸುತ್ತದೆ: 3 ವರ್ಷದವರೆಗೆ ಸೆರೆ, 1 ಲಕ್ಷದವರೆಗೆ ದಂಡ.

ರದ್ದಾದ ಪ್ರಮಾಣಪತ್ರದ ಸೀರಿಯಲ್ ನಂಬರ್ ಸಿಆರ್‌ಎಲ್ ಎಂಬ, ರದ್ದಾದವುಗಳ ಪಟ್ಟಿಗೆ ಸೇರುತ್ತದೆ. ಹಳೆಯ ಪಟ್ಟಿಯನ್ನೇ ಇಟ್ಟುಕೊಂಡಿರುವ ವ್ಯವಸ್ಥೆಗೆ ಹೊಸ ಪಟ್ಟಿ ತಲುಪುವವರೆಗೆ ರದ್ದಾದ ಸಹಿಯೂ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಜಿಎಸ್‌ಟಿ, ಆದಾಯ ತೆರಿಗೆ, ಎಂಸಿಎ (ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ಗಳಲ್ಲಿ ಹೊಸ ಡಿಎಸ್‌ಸಿಯನ್ನು ನೀವೇ ನೋಂದಾಯಿಸಿ, ಪಾಸ್‌ವರ್ಡ್‌ಗಳನ್ನೂ ಬದಲಿಸಿ.

ಹಳೆಯ ಸಹಿಗಳು ಬಿದ್ದುಹೋಗುವುದಿಲ್ಲ. ರದ್ದತಿ ಹಿಂದಕ್ಕೆ ಹೋಗಿ ಅವನ್ನು ಅಳಿಸದು. ಆದರೆ ಯಾವುದು ಹಳೆಯದು ಎಂದು ತೋರಿಸುವುದೇ ಕಷ್ಟ. ಟೈಮ್‌ಸ್ಟಾಂಪ್ (ಹೊರಗಿನ ಸಂಸ್ಥೆ ಹಾಕುವ ಸಮಯದ ಮುದ್ರೆ) ಇಲ್ಲದ ಸಹಿಯ ಸಮಯ ಸಹಿ ಮಾಡಿದ ಕಂಪ್ಯೂಟರಿನ ಗಡಿಯಾರದ್ದು, ಅದನ್ನು ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ಹಾಗಾಗಿ ಪೋರ್ಟಲ್‌ಗೆ ಸಲ್ಲಿಸಿದ್ದಕ್ಕೆ ಸ್ವೀಕೃತಿ ಪತ್ರ, ಒಪ್ಪಂದಗಳಿಗೆ ಅವನ್ನು ಕಳಿಸಿದ ಇಮೇಲ್ ತೆಗೆದಿಡಿ.

ಟೆಂಡರ್‌ಗೆಂದು ಎನ್‌ಕ್ರಿಪ್ಷನ್ ಸರ್ಟಿಫಿಕೇಟ್ (ಕಡತಗಳಿಗೆ ಬೀಗ ಹಾಕುವ ಪ್ರಮಾಣಪತ್ರ) ಕೂಡ ಅದೇ ಟೋಕನ್‌ನಲ್ಲಿದ್ದರೆ ಅದರ ಸೀರಿಯಲ್ ನಂಬರ್ ಬೇರೆ, ಅದನ್ನೂ ಹೆಸರಿಸಿ ರದ್ದು ಮಾಡಿಸಿ. ಆದರೂ ಆ ಪ್ರಮಾಣಪತ್ರದಿಂದ ಬೀಗ ಹಾಕಿದ ಹಳೆಯ ಕಡತಗಳು ಲೆಕ್ಕಿಗರ ಬಳಿ ಇದ್ದರೆ, ಆ ಟೋಕನ್‌ನಿಂದ ತೆರೆಯುತ್ತಲೇ ಇರುತ್ತವೆ.